ಹೆಣ್ಣು ಒಂದು ಪೆಟ್ಟಿಗೆಯಲ್ಲಿ, ಗಂಡು ಇನ್ನೊಂದರಲ್ಲಿ: ಕಪ್ಪತಗುಡ್ಡದ ಕಪ್ಪು ಜೇನನ್ನು ಗುರುತಿಸಿದ ನನ್ನ ಅನುಭವ

ಗದಗ ಜಿಲ್ಲೆಯ ಕಪ್ಪತಗುಡ್ಡದ ತಪ್ಪಲಿನಲ್ಲಿ, ಡೋಣಿಯ ಕಡೆಯ ಹೊಲವೊಂದರ ಬದುವಿನ ಮೇಲೆ, ಮೈಮೇಲೆ ರೋಮವೇ ಇಲ್ಲವೆನ್ನುವಷ್ಟು ನುಣುಪಾದ, ಏಳು ಮಿಲಿಮೀಟರಿಗಿಂತ ತುಸು ಗಿಡ್ಡನೆಯ ಕಪ್ಪು ಜೇನೊಂದು ಮೊದಲ ಸಲ ನನ್ನ ಬಲೆಗೆ ಬಿದ್ದದ್ದು 2020ರ ಮಳೆಗಾಲ ಮುಗಿಯುವ ಹೊತ್ತಿನಲ್ಲಿ. ಅದು ಒಣಕಡ್ಡಿಯೊಳಗೆ ಗೂಡು ಮಾಡುವ ಪುಟ್ಟ ಜೇನುಗಳ ಸೆರಟೀನಾ ಕುಲದ್ದೆಂದು ಹೇಳಲು ಸೂಕ್ಷ್ಮದರ್ಶಕವೂ ಬೇಕಾಗಲಿಲ್ಲ. ಆದರೆ ಅದು ಈವರೆಗೆ ಹೆಸರಿಲ್ಲದ ಹೊಸ ಪ್ರಭೇದವಿರಬಹುದು ಎನ್ನುವ ಹಂತಕ್ಕೆ ಬರಲು ನಾಲ್ಕು ವರ್ಷ ಹಿಡಿಯಿತು. ಗುಡ್ಡವು 2019ರಲ್ಲಿ ವನ್ಯಜೀವಿಧಾಮವಾದ ಮೇಲೆ ಅನುಮತಿಯಿಲ್ಲದೆ ಅದರೊಳಗಿಂದ ಏನನ್ನೂ ಹಿಡಿದು ತರುವಂತಿಲ್ಲವಾದ್ದರಿಂದ, ನನ್ನ ಸಂಗ್ರಹವೆಲ್ಲ ಪರಿಚಯದ ರೈತರ ಬದುಗಳದ್ದೇ.

ಮೊದಲ ಎರಡು ವರ್ಷ ನಾನೂ ಎಲ್ಲರಂತೆ ಬಲೆ ಬೀಸಿದೆ, ಹಳದಿ ಬಟ್ಟಲುಗಳಲ್ಲಿ ಸೋಪಿನ ನೀರಿಟ್ಟೆ. ಕ್ಲಿಪಿಯಸ್ (ಮುಖದ ಕೆಳಭಾಗದ ಫಲಕ) ಮೇಲೆ ಸಣ್ಣ ಗೆರೆಯಿದ್ದವು ಒಂದು ಪೆಟ್ಟಿಗೆ ಸೇರಿದವು, ಅಗಲವಾದ ಹಳದಿ ಮಚ್ಚೆಯಿದ್ದವು ಇನ್ನೊಂದನ್ನು. 1897ರ ಬಿಂಗ್‌ಹ್ಯಾಮ್ ಅವರ ಗ್ರಂಥದಲ್ಲಿನ, ಲಕ್ಷಣಗಳಿಂದ ಪ್ರಭೇದ ಗುರುತಿಸುವ ಕೀಲಿಯನ್ನು ಹಿಡಿದು ಹೊರಟರೆ ಎರಡೂ ಪೆಟ್ಟಿಗೆಗಳು ಬೇರೆ ಬೇರೆ ಹೆಸರಿನತ್ತ ಹೋಗುತ್ತಿದ್ದವು. ಮೊದಲ ಪೆಟ್ಟಿಗೆಯಲ್ಲಿ ಒಂದೇ ಒಂದು ಗಂಡಿರಲಿಲ್ಲ, ಎರಡನೆಯದರಲ್ಲಿ ಒಂದೇ ಒಂದು ಹೆಣ್ಣಿರಲಿಲ್ಲ ಎಂಬುದನ್ನು ಗಮನಿಸಲು ನನಗೆ ಅಷ್ಟು ಕಾಲ ಬೇಕಾಯಿತೆಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಮೀಸೆಯ (ಆಂಟೆನಾ) ಖಂಡಗಳನ್ನು ಎಣಿಸಿದ್ದರೆ, ಹನ್ನೆರಡಿದ್ದರೆ ಹೆಣ್ಣು, ಹದಿಮೂರಿದ್ದರೆ ಗಂಡು ಎಂದು ಮೊದಲ ವಾರವೇ ಗೊತ್ತಾಗುತ್ತಿತ್ತು.

ಆದರೆ ಸಂದೇಹ ಬಂದ ಮಾತ್ರಕ್ಕೆ ಅವೆರಡೂ ಒಂದೇ ಪ್ರಭೇದವೆಂದು ಸಿದ್ಧವಾಗುವುದಿಲ್ಲ. ಡಿಎನ್ಎ ಮಾಡಿಸಿದರೆ ಮುಗಿಯಿತೆಂದು ಬಲ್ಲವರು ಹೇಳಿದರು. ಐದು ಜೇನುಗಳ ಕಾಲುಗಳನ್ನು ಕಳಿಸಿ, ಸುಮಾರು ಒಂಬತ್ತು ಸಾವಿರ ರೂಪಾಯಿ ತೆತ್ತೆ. ಎರಡರಲ್ಲಿ ಏನೂ ಬರಲಿಲ್ಲ, ಒಂದರಲ್ಲಿ ಬಂದದ್ದು ಜೇನಿನದಲ್ಲ, ಅದರ ದೇಹದೊಳಗಿನ ವೊಲ್ಬಾಕಿಯಾ ಬ್ಯಾಕ್ಟೀರಿಯಾದ್ದು. ಉಳಿದ ಎರಡೂ ಹೆಣ್ಣುಗಳು. ಗಂಡಿನ ವಿಷಯದಲ್ಲಿ ನಾನು ಇದ್ದಲ್ಲೇ ಇದ್ದೆ.

ಆಗ ಹೊಳೆದದ್ದು ಕಡ್ಡಿಯ ದಾರಿ. ಸೆರಟೀನಾ ಹೆಣ್ಣು ಮುರಿದ ಒಣಕಡ್ಡಿಯ ಬೆಂಡನ್ನು ಕೊರೆದು ಸಾಲಾಗಿ ಕೋಣೆ ಮಾಡಿ ಮೊಟ್ಟೆಯಿಡುತ್ತದೆ. ಒಂದೇ ಕಡ್ಡಿಯಿಂದ ತಾಯಿಯೂ ಅದರ ಗಂಡು ಹೆಣ್ಣು ಮಕ್ಕಳೂ ಹೊರಬಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದು? ಧಾರವಾಡದ ಕಡೆಯ ಹಿರಿಯ ಕೀಟತಜ್ಞರೊಬ್ಬರು ಇದನ್ನು ಕೇಳಿ, ಗದುಗಿನ ಬಿಸಿಲಿಗೆ ಕಡ್ಡಿಯೊಳಗಿನ ಹುಳು ಹುರಿದುಹೋಗುತ್ತದೆ, ಸಮಯ ಹಾಳು ಮಾಡಬೇಡಿ ಎಂದರು. ಬದುವಿನ ಮೇಲೆ ಲಂಟಾನದ ಕಡ್ಡಿ ಆರಿಸುತ್ತಿದ್ದ ನನ್ನನ್ನು ನೋಡಿ ಹೊಲದ ಅಜ್ಜ, “ಒಲಿಗೆ ಕಟ್ಟಿಗಿ ಬೇಕಾಗಿದ್ರ ನಮ್ಮನ್ನ ಕೇಳ್ರಿ ಸರ, ಇದ್ಯಾಕ ಆರಸ್ತೀರಿ?” ಎಂದು ಮರುಗಿದ.

ಮೊದಲ ವರ್ಷ ತಜ್ಞರ ಮಾತೇ ನಿಜವಾಯಿತು. ನೂರಮೂವತ್ತರ ಆಸುಪಾಸು ಕಡ್ಡಿ ತಂದೆ; ನಲವತ್ತರಲ್ಲಿ ಗೂಡಿತ್ತು. ಒಳಗೇನಿದೆಯೆಂಬ ಕುತೂಹಲಕ್ಕೆ ಎಲ್ಲವನ್ನೂ ಉದ್ದಕ್ಕೆ ಸೀಳಿ ಮತ್ತೆ ದಾರದಿಂದ ಕಟ್ಟಿದ್ದೇ ತಪ್ಪಾಯಿತು. ಹೆಚ್ಚಿನ ಹುಳುಗಳು ಒಣಗಿದವು. ಒದ್ದೆ ಹತ್ತಿಯಿಟ್ಟವು ಬೂಸ್ಟು ಹಿಡಿದವು. ಒಂದು ರಾತ್ರಿ ಇರುವೆ ನುಗ್ಗಿ ಹತ್ತು ಕಡ್ಡಿ ಖಾಲಿ ಮಾಡಿದವು. ಮೂರು ಕಡ್ಡಿಗಳಿಂದ ಜೇನಿನ ಬದಲು ಜೇನಿನ ಗೂಡಿನಲ್ಲಿ ಮೊಟ್ಟೆಯಿಟ್ಟು ಬೆಳೆಯುವ, ಉದ್ದ ಕುತ್ತಿಗೆಯ ಗ್ಯಾಸ್ಟರಪ್ಷನ್ ಕಣಜಗಳು ಹೊರಬಂದವು. ಕೊನೆಗೆ ಕೈಗೆ ಬಂದದ್ದು ಆರೋ ಏಳೋ ಜೇನು.

ಎರಡನೆಯ ವರ್ಷ ಸೀಳುವುದನ್ನು ಬಿಟ್ಟೆ. ತಾಯಿ ಮನೆಯಲ್ಲೇ ಇರಲೆಂದು ಹೊತ್ತು ಮುಳುಗಿದ ಮೇಲೆಯೇ ಕಡ್ಡಿ ಕತ್ತರಿಸಿದೆ. ಗೂಡಿನ ಬಾಯಿಗೆ ಅದು ಹೊಟ್ಟೆಯ ತುದಿಯನ್ನು ಅಡ್ಡಕೊಟ್ಟು ಕೂತಿರುವುದು ಟಾರ್ಚಿನ ಬೆಳಕಿಗೆ ಕಾಣುತ್ತದೆ. ಕಡ್ಡಿಗಳನ್ನು ತೇವದ ಮರಳಿನಲ್ಲಿ ನೆಟ್ಟಗೆ ನಿಲ್ಲಿಸಿ, ಬಾಯಿಗೆ ಪಾರದರ್ಶಕ ನಳಿಕೆ ತೊಡಿಸಿ, ಮರಳಿನ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಟ್ಟೆ. ಮರಳು ಎಷ್ಟು ತೇವವಿರಬೇಕು, ಬದುವಿನಲ್ಲಿ ಮುಂಚಿತವಾಗಿ ಕಡ್ಡಿಗಳನ್ನು ಯಾವ ತಿಂಗಳು ಹೇಗೆ ಕತ್ತರಿಸಿಬಿಟ್ಟರೆ ಜೇನು ತಾನಾಗಿ ಬಂದು ಕೊರೆಯುತ್ತದೆ ಎಂಬೆರಡನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಐದಾರು ವಾರಗಳಲ್ಲಿ ಹದಿನೆಂಟು ಕಡ್ಡಿಗಳಿಂದ ಎಪ್ಪತ್ತರಷ್ಟು ಜೇನುಗಳು ಬಂದವು. ಹನ್ನೊಂದು ಕಡ್ಡಿಗಳಲ್ಲಿ ಗೆರೆಯ ಹೆಣ್ಣೂ ಮಚ್ಚೆಯ ಗಂಡೂ ಒಟ್ಟಿಗೇ ಇದ್ದವು. ಎರಡು ಪೆಟ್ಟಿಗೆಗಳು ಒಂದಾದವು.

ಇದರ ನಡುವೆ ಬಿಳಿಜೋಳದ ದಂಟು ಮತ್ತು ಔಡಲ ಕಡ್ಡಿಗಳ ಕಟ್ಟುಗಳನ್ನೂ ತೂಗುಹಾಕಿ ನೋಡಿದೆ. ಜೋಳದ ದಂಟನ್ನು ಸೆರಟೀನಾ ಮೂಸಿಯೂ ನೋಡಲಿಲ್ಲ. ಪೊಳ್ಳಾದ ಔಡಲದಲ್ಲಿ ಎಲೆ ಕತ್ತರಿಸುವ ಮೆಗಾಕೈಲಿ ಜೇನುಗಳು ಸಂಸಾರ ಹೂಡಿದವು. ಅದು ಬೇರೆಯೇ ಕಥೆ.

ಪ್ರಭೇದದ ವೈಜ್ಞಾನಿಕ ವಿವರಣೆ ಬರೆಯುವಾಗಿನ ಪೆಟ್ಟು ಇನ್ನೊಂದು. ಹುಬ್ಬಳ್ಳಿಯಲ್ಲಿ ಹದಿನಾಲ್ಕು ಸಾವಿರಕ್ಕೆ ಕೊಂಡ ಹಳೆಯ ಸ್ಟೀರಿಯೋ ಸೂಕ್ಷ್ಮದರ್ಶಕದ ಜೂಮ್ ತಿರುಗಿಸಿದ ಮೇಲೆ ಅಳತೆಪಟ್ಟಿಯನ್ನು ಮತ್ತೆ ಸರಿಹೊಂದಿಸದೆ ನಲವತ್ತು ಮಾದರಿಗಳನ್ನು ಅಳೆದು, ಅಷ್ಟನ್ನೂ ಮತ್ತೆ ಅಳೆದೆ. ಹೊಳೆಯುವ ಮೈಯ ಚುಕ್ಕಿಗುಳಿಗಳು ಫೋಟೋದಲ್ಲಿ ಮೂಡದೆ ಸತಾಯಿಸಿದಾಗ, ಅರ್ಧ ಕೊಯ್ದ ಟೇಬಲ್ ಟೆನಿಸ್ ಚೆಂಡನ್ನು ಕವಚಿ ಬೆಳಕನ್ನು ಮೆತ್ತಗೆ ಮಾಡಿದ್ದು ಹತ್ತು ರೂಪಾಯಿಯ ಪರಿಹಾರ. ಗಂಡಿನ ಜನನಾಂಗವನ್ನು ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ರಾತ್ರಿಯಿಡೀ ಬಿಟ್ಟು ಗ್ಲಿಸರಿನ್ನಿಗೆ ಹಾಕಿದೆ. ಮೊದಲೆರಡನ್ನು ಕುದಿಸಿ ಕರಗಿಸಿಬಿಟ್ಟಿದ್ದೆ. ಒಟ್ಟು ಖರ್ಚು ಅರವತ್ತು ಸಾವಿರ ದಾಟಿರಬೇಕು, ಬೈಕಿನ ಪೆಟ್ರೋಲನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಈ ಜೇನಿಗೆ ಇಡಬೇಕೆಂದಿರುವ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವಿವರಣೆಯಿಲ್ಲದೆ ಹೆಸರು ಹೊರಬಿದ್ದರೆ ಅದು ಊರ್ಜಿತವಾಗುವುದಿಲ್ಲ. ಅಲ್ಲದೆ ಹೊಸದೆಂದು ಸಾರುವ ಮುನ್ನ ಈಗಾಗಲೇ ಹೆಸರಿರುವ ಪ್ರಭೇದಗಳ ಹಳೆಯ ಮೂಲ ಮಾದರಿಗಳೊಡನೆ ಹೋಲಿಸುವುದು ಬಾಕಿಯಿದೆ, ಮಾದರಿಗಳನ್ನು ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಬೇಕಾಗಿದೆ. ಧಾರವಾಡದ ಆ ಹಿರಿಯರು ಕಳೆದ ತಿಂಗಳು ಫೋನು ಮಾಡಿ, ತಮ್ಮ ವಿದ್ಯಾರ್ಥಿಗೆ ತೋರಿಸಲು ನಾಲ್ಕು ಕಡ್ಡಿ ಕಳಿಸಬಹುದೇ ಎಂದು ಕೇಳಿದರು. ಮರಳಿನ ಡಬ್ಬಿಯ ಸಮೇತ ಆರು ಕಳಿಸಿದ್ದೇನೆ.