ಕೆಲವೇ ನಿಮಿಷ ಸಿಗುವ ಅಣು

ಫಾರ್ಮಿಕ್ ಆಮ್ಲ ಅಂದರೆ ಮಲೆನಾಡಿನವರಿಗೆ ಚಗಳಿ ಇರುವೆಯ ಹುಳಿ. ಅಣುವಿನಲ್ಲಿ ಇರುವುದು ಐದೇ ಪರಮಾಣು. ಅದರ ಓಎಚ್ (ಆಕ್ಸಿಜನ್-ಹೈಡ್ರೋಜನ್) ತುದಿಯ ಹೈಡ್ರೋಜನ್ ಸಾಮಾನ್ಯವಾಗಿ ಇನ್ನೊಂದು ಆಕ್ಸಿಜನ್ ಕಡೆಗೆ ಬಾಗಿರುತ್ತದೆ. ಅದು ಆಚೆ ಕಡೆ ತಿರುಗಿದರೆ ಸಿಸ್ ರೂಪ. ಕೋಣೆಯ ಬಿಸಿಯಲ್ಲಿ ಇದು ಸಿಗುವುದು ಸಾವಿರಕ್ಕೆ ಒಂದೆರಡು. 1997ರಲ್ಲಿ ಹೆಲ್ಸಿಂಕಿಯ ವಿಜ್ಞಾನಿಗಳು ಇದನ್ನು, ತಣಿಸಿ ಗಟ್ಟಿಯಾಗಿಸಿದ, ಯಾವುದರೊಂದಿಗೂ ಸುಲಭಕ್ಕೆ ಸೇರದ ಅನಿಲ ಆರ್ಗಾನ್‌ನೊಳಗೆ ಹಿಡಿದು ತೋರಿಸಿದ್ದರು. ಪಿಎಚ್‌ಡಿ ಶುರುವಿನಲ್ಲಿ, ಕೈ ಪಳಗಲಿ ಅಂತ, ನಾನು ಅದನ್ನೇ ಮತ್ತೆ ಮಾಡಲು ಕೂತೆ.

ಉಪಾಯ ಹಳೆಯದು, 1954ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಪಿಮೆಂಟೆಲ್ ಮತ್ತು ಜೊತೆಗಾರರು ತೋರಿಸಿಕೊಟ್ಟದ್ದು. ಒಂದು ಪಾಲು ಆಮ್ಲದ ಆವಿಗೆ ಸಾವಿರ ಪಾಲು ಆರ್ಗಾನ್ ಬೆರೆಸಿ, 10 ಕೆಲ್ವಿನ್ (ಸುಮಾರು ಮೈನಸ್ 263 ಡಿಗ್ರಿ ಸೆಲ್ಸಿಯಸ್) ಆಸುಪಾಸಿನ, ಇನ್‌ಫ್ರಾರೆಡ್ ಬೆಳಕು ಹಾಯುವ ಸೀಸಿಯಂ ಅಯೊಡೈಡ್ ಕಿಟಕಿಯ ಮೇಲೆ ನಿಧಾನಕ್ಕೆ ಬಿಡಬೇಕು. ಅಣುಗಳು ಒಂದೊಂದೇ ಬೇರೆಬೇರೆ ಹೂತುಹೋಗುತ್ತವೆ. ನಾನು ಮೊದಲ ಸಲ ಆಮ್ಲ ಜಾಸ್ತಿ ಹಾಕಿಬಿಟ್ಟೆ. ಬರೀ ಜೋಡಿ ಅಣುಗಳೇ ಕಂಡವು.

ಎರಡನೇ ಸಲ ನೀರು ಕಾಡಿತು. ಅಣುಗಳು ಯಾವ ಯಾವ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತವೆ ಅಂತ ಸ್ಪೆಕ್ಟ್ರೋಮೀಟರ್ ಗೆರೆಗಳಲ್ಲಿ ತೋರಿಸುತ್ತದೆ; ಗೆರೆಯ ಸಂಖ್ಯೆ ಅಂದರೆ ಒಂದು ಸೆಂಟಿಮೀಟರಿನಲ್ಲಿ ಹಿಡಿಯುವ ಅಲೆಗಳ ಲೆಕ್ಕ. ನೀರಿನ 1608 ಮತ್ತು 1624ರ ಚೂಪಾದ ಗೆರೆಗಳು ಗಂಟೆಗಂಟೆಗೂ ಬೆಳೆಯುತ್ತಿದ್ದವು. ಸ್ಪೆಕ್ಟ್ರೋಮೀಟರಿನ ಒಳಗಿನ ಗಾಳಿಯ ತೇವವಾದರೆ ಗೆರೆಗಳ ದೊಡ್ಡ ಕಾಡೇ ಕಾಣುತ್ತದೆ. ಇಲ್ಲಿ ಎರಡು ಮೂರೇ ಗೆರೆ, ಅಂದರೆ ನೀರು ಆರ್ಗಾನ್ ಒಳಗೇ ಸೇರುತ್ತಿದೆ, ಎಲ್ಲೋ ಸೋರಿಕೆ. ಮೂರು ದಿನ ಹುಡುಕಿದೆ. ಗಾಳಿ ನುಗ್ಗದಂತೆ ಬಿಗಿಯುವ ರಬ್ಬರ್ ಬಳೆ, ಓ-ರಿಂಗ್ ಮೇಲೆ ಒಂದೇ ಒಂದು ಕೂದಲು! ನನ್ನದೇ ಇರಬೇಕು.

ಕೊನೆಗೆ, ಹೈಡ್ರೋಜನ್ ತಿರುಗಿ ಸಿಸ್ ರೂಪ ಬರಲಿ ಅಂತ, 6934ಕ್ಕೆ ಹೊಂದಿಸಿದ ಇನ್‌ಫ್ರಾರೆಡ್ ಲೇಸರ್ ಬಿಟ್ಟೆ. ಲೇಸರ್ ಬಿಟ್ಟ ಮೇಲಿನ ಸ್ಪೆಕ್ಟ್ರಮ್‌ನಿಂದ ಮೊದಲಿನದನ್ನು ಕಳೆದೆ. 1767ರಲ್ಲಿ ಸಾಮಾನ್ಯ ರೂಪದ ಗೆರೆ ಕೆಳಗಿಳಿದಿತ್ತು, 1807ರಲ್ಲಿ ಸಿಸ್ ರೂಪದ ಹೊಸದೊಂದು ಎದ್ದಿತ್ತು. ಖುಷಿಯಲ್ಲಿ ಗೆಳೆಯನನ್ನು ಕೂಗಿ ಕರೆದೆ. ಅವನು ಕೈ ತೊಳೆದು ಬರುವಷ್ಟರಲ್ಲಿ ಗೆರೆ ಕುಗ್ಗಿತ್ತು.

ಅಷ್ಟು ಚಳಿಯಲ್ಲಿ ಅಣುವಿಗೆ ಸಿಗುವ ಶಾಖ, ಅದೇ ಅಲೆಯ ಲೆಕ್ಕದಲ್ಲಿ, ಸುಮಾರು 7 ಅಲೆಯಷ್ಟು. ಸಾಮಾನ್ಯ ರೂಪಕ್ಕೆ ಮರಳಲು ದಾಟಬೇಕಾದ ಶಕ್ತಿಯ ಗುಡ್ಡ 2000ಕ್ಕೂ ಜಾಸ್ತಿ. ಹತ್ತಿ ಇಳಿಯುವ ಮಾತೇ ಇಲ್ಲ, ಅಲ್ವಾ? ಹೈಡ್ರೋಜನ್ ಗುಡ್ಡದ ಒಳಗಿಂದಲೇ ತೂರಿಹೋಗುತ್ತದೆ. ಇದೇ ಟನೆಲಿಂಗ್. ಅಲ್ಲಿಯವರೆಗೆ ಅದು ನನಗೆ ಪರೀಕ್ಷೆಗೆ ಬರೆದ ಉತ್ತರ ಮಾತ್ರ. ಸ್ಪೆಕ್ಟ್ರೋಮೀಟರಿನ ದೀಪವೇ ಕುಗ್ಗಿಸುತ್ತಿದೆಯೇನೋ ಎಂಬ ಅನುಮಾನಕ್ಕೆ, ನಡುನಡುವೆ ಬೆಳಕು ಮುಚ್ಚಿ ಮತ್ತೆ ಅಳೆದೆ. ಕತ್ತಲಲ್ಲೂ ಕುಗ್ಗಿತು.

ಆಮೇಲೆ ಓಎಚ್‌ನ ಹೈಡ್ರೋಜನ್ ಬದಲು ಅದರ ಎರಡು ಪಟ್ಟು ತೂಕದ ಡ್ಯೂಟೀರಿಯಂ ಇರುವ ಆಮ್ಲ ತಂದು ಹಾಕಿದೆ. ತೂಕ ಹೆಚ್ಚಿದಷ್ಟೂ ತೂರುವುದು ಕಷ್ಟ. ಸಿಸ್ ಗೆರೆ ಎದ್ದಿತು. ರಾತ್ರಿಯಿಡೀ ತಣ್ಣಗಿಡುವ ಕಂಪ್ರೆಸರ್ ಠಕ್ ಠಕ್ ಅನ್ನುತ್ತಿರಲಿ ಅಂತ ಬಿಟ್ಟು ಹೋಗಿ ಮಲಗಿದೆ. ಬೆಳಿಗ್ಗೆ ಕಾಫಿ ಕುಡಿದು ಬಂದು ನೋಡಿದರೆ ಗೆರೆ ಅಲ್ಲೇ ಇತ್ತು.