ಕೆರೆಯಂಚಿನ ಕೇರಿಯ ಕೊಳಚೆ ನೀರು: ಶುದ್ಧೀಕರಣ ವ್ಯವಸ್ಥೆ ಮಾಡಿಕೊಳ್ಳುವ ಬಗೆ

ಶಿರಸಿಯ ಸುತ್ತಮುತ್ತ ಕೆರೆಯ ದಡದಲ್ಲಿರುವ ಕೇರಿಯೊಂದು ತನ್ನ ಕೊಳಚೆ ನೀರನ್ನು ತಾನೇ ಶುದ್ಧೀಕರಿಸಲು ಹೊರಟರೆ, ತೊಟ್ಟಿ ಕಟ್ಟುವ ಮೊದಲೇ ಮಳೆನೀರಿಗೆ ಪ್ರತ್ಯೇಕ ದಾರಿ ಮಾಡಬೇಕು. ವರ್ಷಕ್ಕೆ ಸುಮಾರು 2,500 ಮಿ.ಮೀ. ಮಳೆಯಾಗುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೇ ಸುರಿಯುವ ಈ ಸೀಮೆಯಲ್ಲಿ ಬಯಲುಸೀಮೆಯ ನಕ್ಷೆಯನ್ನು ಹಾಗೆಯೇ ಅನುಸರಿಸಿದರೆ ಅದು ಮೊದಲ ಮಳೆಗಾಲದಲ್ಲೇ ಕೈಕೊಡುತ್ತದೆ. 20 ಮನೆ, 100 ಜನರ ಕೇರಿಯಲ್ಲಿ ಒಬ್ಬರು ದಿನಕ್ಕೆ 100 ಲೀಟರ್ ನೀರು ಬಳಸಿ ಅದರಲ್ಲಿ 80 ಲೀಟರ್ ಕೊಳಚೆಯಾದರೆ ಒಟ್ಟು 8,000 ಲೀಟರ್ ಆಗುತ್ತದೆ, 100 ಮಿ.ಮೀ. ಮಳೆ ಬಿದ್ದ ದಿನ 100 ಚದರ ಮೀಟರಿನ ಒಂದೇ ಮಾಡಿನಿಂದ 10,000 ಲೀಟರ್ ಇಳಿಯುತ್ತದೆ. ಅಂಗಳದ ನೀರೂ ಮಾಡಿನ ನೀರೂ ಕೊಳಚೆ ಕೊಳವೆಗೆ ಸೇರಿದರೆ ತೊಟ್ಟಿಯ ತಳದ ಕೆಸರು ಕದಡಿ ನೇರವಾಗಿ ಕೆರೆಗೆ ಹೋಗುತ್ತದೆ.

ಅಡುಗೆಮನೆಯ ನೀರು ಮೊದಲು ಜಿಡ್ಡು ತಡೆಯುವ ಸಣ್ಣ ಗುಂಡಿಯನ್ನು ಹಾದು, ಬಳಿಕ ಶೌಚಾಲಯದ ಹಾಗೂ ಬಚ್ಚಲಿನ ನೀರಿನೊಡನೆ ಎರಡು ಕೋಣೆಗಳ ಸೆಪ್ಟಿಕ್ ತೊಟ್ಟಿಯನ್ನು ಸೇರಲಿ. ನೀರು ಎರಡು ದಿನ ನಿಲ್ಲಲು 16,000 ಲೀಟರ್, ಕೆಸರಿಗೆ 8,000 ಲೀಟರ್ ಜಾಗ ಬೇಕು. ಮೊದಲ ಕೋಣೆಯ ಉದ್ದ ಒಟ್ಟು ಉದ್ದದ ಮೂರನೇ ಎರಡರಷ್ಟಿರಬೇಕು.

ಇಲ್ಲಿಗೆ ಕೆಲಸ ಮುಗಿಯಿತೆಂದು ಇಂಗುಗುಂಡಿ ತೋಡುವುದು ಕೆರೆಯಂಚಿನಲ್ಲಿ ಅಪಾಯಕರ. ಸೆಪ್ಟಿಕ್ ತೊಟ್ಟಿಯಿಂದ ಹೊರಬರುವ ನೀರಿನಲ್ಲಿ ರೋಗಾಣುಗಳೂ, ಸಾರಜನಕ ಮತ್ತು ರಂಜಕವೂ ಉಳಿದಿರುತ್ತವೆ. ಚಿರೆಕಲ್ಲಿನ ನೆಲದ ಬಿರುಕುಗಳಲ್ಲಿ ಅದು ಸರಿಯಾಗಿ ಸೋಸಿಹೋಗದೆ ಬಾವಿಯನ್ನೂ ಕೆರೆಯನ್ನೂ ಮುಟ್ಟಬಲ್ಲದು. ಆದ್ದರಿಂದ ತೊಟ್ಟಿಯ ಮುಂದೆ ಗಿಡ ನೆಟ್ಟ ಜಲ್ಲಿ ಹಾಸು ಬೇಕು. ತಲೆಗೆ ಎರಡರಿಂದ ಮೂರು ಚದರ ಮೀಟರಿನ ಲೆಕ್ಕದಲ್ಲಿ ಈ ಕೇರಿಗೆ ಎರಡು-ಮೂರು ಗುಂಟೆ ಜಾಗ ಸಾಕು. ಸುಮಾರು 60 ಸೆಂ.ಮೀ. ಆಳ ಅಗೆದು, ನೂರಕ್ಕೆ ಒಂದರಷ್ಟು ಇಳಿಜಾರು ಕೊಟ್ಟು, ತಳಕ್ಕೆ ಜೇಡಿಮಣ್ಣು ಬಡಿದು ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ತೊಳೆದ ಸಣ್ಣ ಜಲ್ಲಿಯನ್ನು ತುಂಬಬೇಕು. ನೀರು ಒಳಬರುವ ಮತ್ತು ಹೊರಹೋಗುವ ಕಡೆ ಮಾತ್ರ ದಪ್ಪ ಕಲ್ಲಿರಲಿ. ನೀರಿನ ಮಟ್ಟವನ್ನು ಜಲ್ಲಿಯ ಮೇಲ್ಮೈಗಿಂತ ಹತ್ತು ಸೆಂ.ಮೀ. ಕೆಳಗೆ ಉಳಿಸಿಕೊಂಡರೆ ಸೊಳ್ಳೆಯೂ ವಾಸನೆಯೂ ಇರುವುದಿಲ್ಲ. ಜೊಂಡು, ಕಾಬಾಳೆ ಇಲ್ಲಿ ಚೆನ್ನಾಗಿ ಬೆಳೆಯುತ್ತವೆ. ಹಾಸಿನ ಸುತ್ತ ಎತ್ತರದ ಬದುವೂ, ಅದರ ಹೊರಗೆ ಬಸಿಗಾಲುವೆಯೂ ಇರಲೇಬೇಕು.

ಜಲ್ಲಿ ಹಾಸು ರಂಜಕವನ್ನು ಪೂರ್ತಿಯಾಗಿ ಹಿಡಿಯಲಾರದು, ಕೆರೆಯಲ್ಲಿ ಪಾಚಿ ಮತ್ತು ಜಲಕಳೆ ಹಬ್ಬಲು ಮುಖ್ಯ ಕಾರಣ ಅದೇ. ಹಾಗಾಗಿ ಹೊರಬಂದ ನೀರು ತಿಳಿಯಾಗಿ ಕಂಡರೂ ಕೆರೆಗೆ ಬಿಡಬಾರದೆಂಬುದು ನನ್ನ ದೃಢ ಅಭಿಪ್ರಾಯ. ಅಡಿಕೆ, ಬಾಳೆಯ ಬುಡಕ್ಕೆ ಅದನ್ನು ಹರಿಸಬಹುದು, ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ತೋಟಕ್ಕೆ ನೀರು ಬೇಡವಾದ ಮಳೆಗಾಲಕ್ಕಾಗಿ ಕೆರೆಯ ಏರಿಯಿಂದ ದೂರದಲ್ಲಿ ಹುಲ್ಲು ಅಥವಾ ಬಿದಿರು ಬೆಳೆದ ತುಂಡು ನೆಲವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಎರಡು-ಮೂರು ವರ್ಷಕ್ಕೊಮ್ಮೆ, ಕೆಸರು ತೊಟ್ಟಿಯ ಮೂರನೇ ಒಂದು ಭಾಗ ತುಂಬಿದಾಗ, ಸಕ್ಕಿಂಗ್ ಯಂತ್ರದ ಗಾಡಿಯಿಂದಲೇ ಅದನ್ನು ತೆಗೆಸಬೇಕು. ವಿಷಾನಿಲ ತುಂಬಿರುವ ತೊಟ್ಟಿಯೊಳಕ್ಕೆ ಯಾರನ್ನೂ ಇಳಿಸಕೂಡದು. ರಕ್ಷಣಾ ಸಾಧನಗಳಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಂತೆ ಅಪರಾಧವೂ ಹೌದು. ಈ ಕೆಲಸ ಬೇಸಿಗೆಯಲ್ಲೇ ಆಗಲಿ: ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದಾಗ ಬರಿದಾದ ತೊಟ್ಟಿಯನ್ನು ಕೆಳಗಿನ ನೀರಿನ ಒತ್ತಡ ಮೇಲೆತ್ತಿ ಕೊಳವೆಗಳ ಬೆಸುಗೆ ಬಿರಿಯುವಂತೆ ಮಾಡುತ್ತದೆ.