ಔಷಧ ಒಲ್ಲೆ ಎನ್ನುವ ಮಗುವಿಗೆ ಕುಡಿಸುವ ಕ್ರಮ

ಮಗು ಔಷಧ ಒಲ್ಲೆ ಎಂದು ಬಾಯಿ ಬಿಗಿದಾಗ ನಮ್ಮ ವಿಜಯಪುರದ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಉಪಾಯಗಳು ಹೊರಬರುತ್ತವೆ: ಚಾಚಿದ ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ಮೂಗು ಹಿಡಿದು ಸುರಿಯುವುದು, "ಕುಡೀಲಿಲ್ಲಂದ್ರ ಡಾಕ್ಟರ ಸೂಜಿ ಮಾಡ್ತಾರ ನೋಡ" ಎಂದು ಹೆದರಿಸುವುದು, ಇಲ್ಲವೇ ಹಾಲಿನ ಲೋಟದಲ್ಲಿ ಸದ್ದಿಲ್ಲದೆ ಬೆರೆಸಿ ಕೊಡುವುದು. ನನ್ನ ಮಗನಿಗೆ ಮೂರೂವರೆ ವರ್ಷವಿದ್ದಾಗ ಕಿವಿ ಸೋರತೊಡಗಿ, ಬೆಳಿಗ್ಗೆ ಮತ್ತು ರಾತ್ರಿಯಂತೆ ಏಳು ದಿನ ಕುಡಿಸಬೇಕಾದ ಆ್ಯಂಟಿಬಯಾಟಿಕ್ ಬರೆದುಕೊಟ್ಟಿದ್ದರು. ಈ ಮೂರನ್ನೂ ನಾವು ಮೊದಲ ಎರಡೇ ದಿನಗಳಲ್ಲಿ ಮಾಡಿ ನೋಡಿದೆವು. ಮೂಗು ಹಿಡಿದಾಗ ಅವನು ಕೆಮ್ಮಿ, ಉಸಿರು ಸಿಕ್ಕಿಕೊಂಡು, ಮುಖವೆಲ್ಲ ಕೆಂಪಾಯಿತು. ಹಾಲಿನಲ್ಲಿ ಬೆರೆಸಿದಾಗ ಅರ್ಧ ಲೋಟ ಕುಡಿದು ಉಳಿದದ್ದನ್ನು ತಳ್ಳಿದ. ಒಳಗೆ ಹೋದ ಔಷಧ ಎಷ್ಟೆಂಬ ಲೆಕ್ಕ ಯಾರಿಗೂ ಸಿಗಲಿಲ್ಲ, ಮೇಲಾಗಿ ಮುಂದಿನ ಒಂದು ತಿಂಗಳು ಬರಿಯ ಹಾಲನ್ನೂ ಮೂಸಿ ನೋಡಿಯೇ ಮುಟ್ಟುತ್ತಿದ್ದ. ಉಳಿದ ಹತ್ತು ಸರದಿಗಳನ್ನು ಬೇರೆ ಕ್ರಮದಲ್ಲಿ ಕುಡಿಸಿದೆವು. ಅಂದಿನಿಂದ ಇಂದಿನವರೆಗೆ ಮನೆಯಲ್ಲಿಯೂ ಅಕ್ಕಪಕ್ಕದಲ್ಲಿಯೂ ಪಾಲಿಸಿಕೊಂಡು ಬಂದಿರುವ ಆ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಈ ಕೆಲಸದ ಅರ್ಧಪಾಲು ಮುಗಿಯಬೇಕಾದದ್ದು ದವಾಖಾನೆಯಲ್ಲಿ, ಡಾಕ್ಟರು ಚೀಟಿ ಬರೆಯುತ್ತಿರುವಾಗಲೇ. ನಮ್ಮಲ್ಲಿ ಬಹಳ ಜನ ಆ ಹೊತ್ತಿನಲ್ಲಿ ಸುಮ್ಮನೆ ಕುಳಿತಿದ್ದು, ಮನೆಗೆ ಬಂದ ಮೇಲೆ ಬಾಟಲಿಯೊಡನೆ ಹೋರಾಡುತ್ತೇವೆ. "ಸರ, ಇವ ಔಷಧ ಉಗುಳತಾನ್ರಿ" ಎಂದು ಅಲ್ಲಿಯೇ ಹೇಳುವುದಕ್ಕೆ ಸಂಕೋಚ ಬೇಕಿಲ್ಲ. ಒಂದೇ ಔಷಧ ಹಲವು ರೂಪಗಳಲ್ಲಿ ಸಿಗುತ್ತದೆ: ತೆಳುವಾದ ಸಿರಪ್, ಗಟ್ಟಿಯಾದ ಸಿರಪ್, ಹನಿ, ಚಮಚೆಯಷ್ಟು ನೀರಿನಲ್ಲಿ ತಾನೇ ಕರಗುವ ಗುಳಿಗೆ, ವಾಂತಿ ನಿಲ್ಲದ ಮಗುವಿನ ಜ್ವರಕ್ಕೆ ಗುದದ್ವಾರದಲ್ಲಿ ಇಡುವ ಪ್ಯಾರಾಸಿಟಮಾಲ್ ಬತ್ತಿಯೂ ಇದೆ. ಮಗುವಿನ ಇಂದಿನ ತೂಕ ಎಷ್ಟು, ಈ ಹಿಂದೆ ಯಾವ ಔಷಧವನ್ನು ಉಗುಳಿತ್ತು, ಮನೆಯಲ್ಲಿ ಫ್ರಿಜ್ ಇದೆಯೇ ಇಲ್ಲವೇ, ಮಧ್ಯಾಹ್ನ ಮಗು ಅಂಗನವಾಡಿಯಲ್ಲಿ ಇರುತ್ತದೆಯೇ ಎಂಬುದನ್ನು ತಿಳಿಸಿದರೆ, ದಿನಕ್ಕೆ ಮೂರು ಸಲದ ಬದಲು ಎರಡು ಸಲ ಸಾಕಾಗುವ ಔಷಧವನ್ನೋ, ಕಡಿಮೆ ಪ್ರಮಾಣದಲ್ಲಿ ಮುಗಿಯುವ ಔಷಧವನ್ನೋ ಅವರು ಬರೆಯಲು ಸಾಧ್ಯವಾಗುತ್ತದೆ.

ಪ್ರಮಾಣದ ಈ ಮಾತನ್ನು ಒಂದು ಉದಾಹರಣೆಯಿಂದ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಅನುಕೂಲವೂ ಇದೆ, ಅಪಾಯವೂ ಇದೆ. ಮಕ್ಕಳಿಗೆ ಪ್ಯಾರಾಸಿಟಮಾಲನ್ನು ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಅಂಗಡಿಯಲ್ಲಿ 5 ಮಿಲಿಲೀಟರಿನಲ್ಲಿ 120 ಅಥವಾ 125 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, ಅಷ್ಟರಲ್ಲಿಯೇ 250 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, ಎಳೆಯ ಕೂಸುಗಳಿಗಾಗಿ ಒಂದೇ ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇರುವ ಹನಿಯೂ ಇದೆ. ಹತ್ತು ಕಿಲೋ ತೂಗುವ ಮಗುವಿಗೆ ಮೊದಲನೆಯದರಲ್ಲಿ ಒಂದು ಪೂರ್ತಿ ಅಳತೆ ಕುಡಿಸಬೇಕಾದರೆ ಎರಡನೆಯದರಲ್ಲಿ ಅದರ ಅರ್ಧ ಸಾಕು. ಬಾಯಿ ಬಿಗಿಯುವ ಮಗುವಿನ ವಿಷಯದಲ್ಲಿ ಈ ಅರ್ಧದ ಬೆಲೆ ಬಹಳ ದೊಡ್ಡದು. ಆದರೆ ಹನಿಯ ಬಾಟಲಿಯನ್ನು ಸಿರಪ್ಪೆಂದು ತಿಳಿದು 5 ಮಿಲಿಲೀಟರ್ ಕುಡಿಸಿದರೆ 500 ಮಿಲಿಗ್ರಾಂ ಹೊಟ್ಟೆಗೆ ಹೋಗುತ್ತದೆ. ಆದ್ದರಿಂದ ಬಾಟಲಿಯನ್ನು ನಾವಾಗಿಯೇ ಬದಲಿಸಬಾರದು, ಬದಲಾಗಿ ಬಂದ ಬಾಟಲಿಯ ಮೇಲಿನ ಅಂಕಿಯನ್ನು ಓದದೆ ಮುಚ್ಚಳ ತೆರೆಯಬಾರದು.

ಅಂದಹಾಗೆ, ಚೀಟಿಯಿಲ್ಲದೆ ಅಂಗಡಿಯಿಂದ ತಂದ ಕೆಮ್ಮಿನ ಸಿರಪ್ಪನ್ನು ನಿಮ್ಮ ಮಗು ಉಗುಳುತ್ತಿದ್ದರೆ ನಾನು ಮಗುವಿನ ಪಕ್ಷವನ್ನೇ ವಹಿಸುತ್ತೇನೆ. 2025ರಲ್ಲಿ ಮಧ್ಯಪ್ರದೇಶದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ತೀರಿಕೊಂಡ ಮೇಲೆ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಗಳನ್ನು ಕೊಡಕೂಡದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಕಿಲ್ಲ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಅಕ್ಟೋಬರಿನಲ್ಲಿ ಸೂಚನೆ ಹೊರಡಿಸಿತು. ನಾನಿಲ್ಲಿ ಹೇಳುತ್ತಿರುವುದೆಲ್ಲ ಡಾಕ್ಟರು ನೋಡಿ ಬರೆದುಕೊಟ್ಟ ಔಷಧಕ್ಕೆ ಮಾತ್ರ ಅನ್ವಯಿಸುತ್ತದೆ.

ಮಕ್ಕಳ ಆ್ಯಂಟಿಬಯಾಟಿಕ್ಕುಗಳಲ್ಲಿ ಅನೇಕವು ಬಾಟಲಿಯಲ್ಲಿ ಒಣಪುಡಿಯಾಗಿ ಬರುತ್ತವೆ. ನೀರು ಹಾಕುವ ಮೊದಲು ಬಾಟಲಿಯನ್ನು ಬೋರಲು ಮಾಡಿ ಅಂಗೈಗೆ ನಾಲ್ಕು ಸಲ ತಟ್ಟಿ, ತಳದಲ್ಲಿ ಹೆಪ್ಪುಗಟ್ಟಿದ ಪುಡಿಯನ್ನು ಸಡಿಲಿಸಬೇಕು. ಡಬ್ಬಿಯೊಳಗೆ ನೀರಿನ ಸೀಸೆ ಇದ್ದರೆ ಅದನ್ನು, ಇಲ್ಲದಿದ್ದರೆ ಕುದಿಸಿ ಪೂರ್ತಿ ಆರಿಸಿದ ನೀರನ್ನು, ಗುರುತಿಗಿಂತ ಸ್ವಲ್ಪ ಕೆಳಗಿನವರೆಗೆ ಹಾಕಿ ಚೆನ್ನಾಗಿ ಕುಲುಕಿ, ನೊರೆ ಇಳಿಯುವವರೆಗೆ ಕಾದು, ಅನಂತರ ಗುರುತಿನವರೆಗೆ ತುಂಬಬೇಕು. ನೊರೆಯನ್ನೇ ಗುರುತೆಂದು ನಂಬಿದರೆ ನೀರು ಕಡಿಮೆಯಾಗಿ ಔಷಧ ಗಟ್ಟಿಯಾಗುತ್ತದೆ. ಪ್ರತಿ ಸಲವೂ ಕುಲುಕದೆ ಕೊಟ್ಟರೆ ಮೊದಲ ದಿನಗಳಲ್ಲಿ ತಿಳಿನೀರು ಹೋಗಿ, ಕೊನೆಯ ದಿನಗಳಿಗೆ ಕಹಿಯಾದ ಗಸಿ ಉಳಿಯುತ್ತದೆ. ನಾಲ್ಕು ದಿನ ಸುಮ್ಮನೆ ಕುಡಿದ ಮಗು ಐದನೆಯ ದಿನ ಹಟ ಹಿಡಿಯುವುದಕ್ಕೆ ಕೆಲವೊಮ್ಮೆ ಕಾರಣ ಇಷ್ಟೇ ಇರುತ್ತದೆ. ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನಿಕ್ ಆಮ್ಲ ಕೂಡಿದ ಸಿರಪ್ಪನ್ನು ನೀರು ಬೆರೆಸಿದ ಮೇಲೆ ಫ್ರಿಜ್ಜಿನಲ್ಲಿ ಇಡಬೇಕು, ಐಸು ಕಟ್ಟುವ ಖಾನೆಯಲ್ಲಿ ಇಡಬಾರದು, ಏಳು ದಿನಗಳ ನಂತರ ಬಳಸಬಾರದು. ಬಿಸಿಲು 40 ಡಿಗ್ರಿ ದಾಟುವ ನಮ್ಮ ಏಪ್ರಿಲ್ ಮೇ ತಿಂಗಳಲ್ಲಿ, ಹೊಲದ ಮನೆಯ ಗೂಡಿನಲ್ಲಿಟ್ಟ ಇಂಥ ಬಾಟಲಿಯನ್ನು ನೆಚ್ಚುವಂತಿಲ್ಲ. ಫ್ರಿಜ್ ಇಲ್ಲದವರು ನೀರಿನಲ್ಲಿ ಕರಗುವ ಗುಳಿಗೆಯನ್ನೇ ಕೇಳಿ ಬರೆಸಿಕೊಳ್ಳುವುದು ಲೇಸು.

ಅಳತೆಗೆ ಅಡುಗೆಮನೆಯ ಚಮಚೆಯನ್ನು ಬಳಸಬಾರದು. ಉಪ್ಪಿನ ಚಮಚೆ, ಚಹಾದ ಚಮಚೆ, ಅವಲಕ್ಕಿ ತಿನ್ನುವ ಚಮಚೆ ಎಲ್ಲವೂ ಬೇರೆ ಬೇರೆ ಅಳತೆಯವು, ಅದೂ ಅಲ್ಲದೆ ಮಗು ತಲೆ ಅಲ್ಲಾಡಿಸಿದರೆ ಅರ್ಧ ಔಷಧ ಅಂಗಿಯ ಮೇಲೆ ಬೀಳುತ್ತದೆ. ಔಷಧ ಅಂಗಡಿಯಲ್ಲಿ 5 ಮಿಲಿಲೀಟರಿನ ಹೊಸ ಸಿರಿಂಜು ಕೆಲವೇ ರೂಪಾಯಿಗಳಿಗೆ ಸಿಗುತ್ತದೆ. ಅದರ ಸೂಜಿಯನ್ನು ಅಂಗಡಿಯಲ್ಲಿಯೇ ತೆಗೆಸಿ ಬರಿಯ ನಳಿಕೆಯನ್ನು ಮಾತ್ರ ಮನೆಗೆ ತರಬೇಕು, ಏಕೆಂದರೆ ಸೂಜಿಯನ್ನು ಒಮ್ಮೆ ಕಂಡ ಮಗು ಆ ನಳಿಕೆಯನ್ನು ಎಂದೂ ನಂಬುವುದಿಲ್ಲ. ಮೊದಲ ಸರದಿಗೆ ಮುಂಚೆ ಅದನ್ನು ಮಗುವಿನ ಕೈಗೇ ಕೊಟ್ಟು, ಬಟ್ಟಲಿನ ನೀರನ್ನು ಎಳೆದು ತುಳಸಿ ಗಿಡಕ್ಕೆ ಚಿಮ್ಮಿಸಲು ಬಿಡಿ. ನಮ್ಮ ಮಗ ಹೀಗೆ ಕಾಲು ಗಂಟೆ ಅಂಗಳವನ್ನೆಲ್ಲ ತೋಯಿಸಿದ ಮೇಲೆ ತಾನಾಗಿಯೇ ಒಂದು ಗುಟುಕು ನೀರನ್ನು ಬಾಯಿಗೆ ಬಿಟ್ಟುಕೊಂಡಿದ್ದ.

ಇನ್ನು ಕುಡಿಸುವ ಹೊತ್ತು. ಮಗು ನೆಟ್ಟಗೆ ಕುಳಿತಿರಬೇಕು, ಇಲ್ಲವೇ ನಿಮ್ಮ ತೊಡೆಯ ಮೇಲೆ ಬೆನ್ನು ಕೊಟ್ಟು ಒರಗಿರಬೇಕು. ಮಲಗಿಸಿದಾಗ, ಮೂಗು ಹಿಡಿದಾಗ, ಅಳುತ್ತಿರುವಾಗ ಸುರಿದ ಔಷಧವು ಗಂಟಲಿನ ಬದಲು ಉಸಿರುನಾಳಕ್ಕೆ ಇಳಿಯಬಹುದು. ಸಿರಿಂಜಿನ ತುದಿಯನ್ನು ತುಟಿಯ ಮೂಲೆಯಿಂದ ಒಳಗೆ ಸರಿಸಿ, ಕೆನ್ನೆ ಮತ್ತು ವಸಡಿನ ನಡುವಿನ ಚೀಲದಂಥ ಜಾಗಕ್ಕೆ ತಂದು ನಿಲ್ಲಿಸಿ. ಅಲ್ಲಿ ಅರ್ಧ ಅಥವಾ ಒಂದು ಮಿಲಿಲೀಟರಿನಷ್ಟು ಬಿಟ್ಟು, ಗಂಟಲು ಗುಳಕ್ಕೆಂದು ಮೇಲೆ ಕೆಳಗೆ ಆಡುವುದನ್ನು ಕಣ್ಣಾರೆ ನೋಡಿ, ಆಮೇಲೆ ಮುಂದಿನದನ್ನು ಬಿಡಬೇಕು. ನಾಲಿಗೆಯ ನಡುವೆ ಬಿದ್ದ ಔಷಧದ ರುಚಿ ಹೆಚ್ಚು ತಟ್ಟುತ್ತದೆ, ಉಗುಳುವುದೂ ಸುಲಭ. ನೇರ ಗಂಟಲಿಗೆ ಚಿಮ್ಮಿಸಿದರೆ ಓಕರಿಕೆ ಬರುತ್ತದೆ. ಎಳೆಯ ಕೂಸು ಔಷಧವನ್ನು ನುಂಗದೆ ಬಾಯಲ್ಲಿಯೇ ಹಿಡಿದುಕೊಂಡಿದ್ದರೆ ಅದರ ಮುಖದ ಮೇಲೆ ಮೆಲ್ಲಗೆ ಒಮ್ಮೆ ಊದಿ ನೋಡಿ, ಸಾಮಾನ್ಯವಾಗಿ ತಟ್ಟನೆ ನುಂಗುತ್ತದೆ. ಇಡೀ ಕೆಲಸ ಒಂದು ನಿಮಿಷದೊಳಗೆ ಮುಗಿಯಬೇಕು. ಅರ್ಧ ಗಂಟೆ ರಮಿಸುತ್ತ ಕುಳಿತರೆ ಮಗುವಿಗೆ ಹಟ ಮಾಡಲು ನಾವೇ ವೇಳೆ ಕೊಟ್ಟಂತಾಗುತ್ತದೆ.

ಕಹಿಯನ್ನು ತಗ್ಗಿಸುವುದಕ್ಕೆ ನನ್ನ ಅನುಭವದಲ್ಲಿ ತಂಪಿಗಿಂತ ಒಳ್ಳೆಯ ಸಾಧನವಿಲ್ಲ. ಔಷಧಕ್ಕೆ ಮುಂಚೆ ಐಸಿನ ತುಂಡನ್ನು ಎರಡು ಸಲ ನೆಕ್ಕಿಸಿದರೆ ನಾಲಿಗೆ ಜಡವಾಗುತ್ತದೆ. ನೆಗಡಿಯಿದ್ದಾಗ ತಂಪು ಕೊಡಬಾರದೆನ್ನುವ ಹಿರಿಯರಿರುವ ಮನೆಯಲ್ಲಿ ಇದಕ್ಕೊಂದು ಜಗಳವೇ ಆದೀತು. ಅಂಥಲ್ಲಿ ಒಂದು ಬೆರಳು ಜೋನಿಬೆಲ್ಲವನ್ನು ನಾಲಿಗೆಗೆ ಸವರಿ ಔಷಧ ಕೊಟ್ಟು, ಮೇಲೆ ಇನ್ನೊಂದು ಬೆರಳು ಸವರಿದರೆ ಅದೂ ಕೆಲಸ ಮಾಡುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನುತುಪ್ಪವನ್ನು ಯಾವ ಕಾರಣಕ್ಕೂ ನೆಕ್ಕಿಸಬಾರದು, ಅದರಿಂದ ಬಾಟುಲಿಸಂ ಎಂಬ ಪ್ರಾಣಾಂತಿಕ ಕಾಯಿಲೆ ಬರಬಹುದು. ಆಹಾರದಲ್ಲಿ ಬೆರೆಸಬಹುದೇ ಎಂದು ಔಷಧ ಅಂಗಡಿಯಲ್ಲಿ ಕೇಳಿ, ಆಗಬಹುದೆಂದರೆ, ಒಂದೇ ಚಮಚೆ ಬಾಳೆಹಣ್ಣಿನ ಗುಜ್ಜಿಯಲ್ಲಿಯೋ ಸಜ್ಜಕದಲ್ಲಿಯೋ ಬೆರೆಸಿ ಆ ಒಂದು ಚಮಚೆಯನ್ನು ಮೊದಲು ತಿನ್ನಿಸಿ. ಮಗು ದಿನವೂ ಉಣ್ಣುವ ಹಾಲು, ಅನ್ನ, ಕಿಚಡಿಗಳಲ್ಲಿ ಬೆರೆಸಬೇಡಿ. ಮೇಲ್ಪದರವಿರುವ ಗುಳಿಗೆಗಳನ್ನೂ ನಿಧಾನವಾಗಿ ಕರಗುವಂತೆ ಮಾಡಿದ ಗುಳಿಗೆಗಳನ್ನೂ ಕೇಳದೆ ಪುಡಿ ಮಾಡಬಾರದು.

ಕಬ್ಬಿಣದ ಸಿರಪ್ಪಿನದು ಬೇರೆಯೇ ಕಥೆ. ಅಂಗನವಾಡಿಯ ಮೂಲಕ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್ ಕೊಡುವ ಈ ಸಿರಪ್ಪಿನಿಂದ ಹಲ್ಲು ಕಪ್ಪಾಯಿತು, ಸಂಡಾಸು ಕಪ್ಪಾಯಿತು ಎಂದು ಹೆದರಿ ಬಾಟಲಿಯನ್ನು ಮೂಲೆಗಿಡುವ ತಾಯಂದಿರು ಬಹಳ. ಸಂಡಾಸು ಕಪ್ಪಾಗುವುದು ಸಹಜ; ಹಲ್ಲಿಗೆ ತಾಗದಂತೆ ಬಾಯಿಯ ಹಿಂಭಾಗಕ್ಕೆ ಬಿಟ್ಟು ಬಾಯಿ ಮುಕ್ಕಳಿಸಿದರೆ ಕಲೆ ಹಿಡಿಯುವುದಿಲ್ಲ. ಹಾಲು ಅಥವಾ ಚಹಾದ ಜೊತೆ ಕೊಟ್ಟರೆ ಕಬ್ಬಿಣಾಂಶ ಮೈಗೆ ಕಡಿಮೆ ಹತ್ತುತ್ತದೆ, ಲಿಂಬೆಯ ಹುಳಿಯ ಜೊತೆ ಚೆನ್ನಾಗಿ ಹತ್ತುತ್ತದೆ. ಇಂಡಿ ತಾಲ್ಲೂಕಿನ ಲಿಂಬೆಹಣ್ಣು ಮನೆಮನೆಯಲ್ಲಿಯೂ ಇರುವ ನಮ್ಮ ಜಿಲ್ಲೆಯಲ್ಲಿ, ಸ್ವಲ್ಪ ದೊಡ್ಡ ಮಗುವಿಗೆ ಸಿರಪ್ಪಿನ ಹಿಂದೆಯೇ ಎರಡು ಗುಟುಕು ಪಾನಕ ಕೊಟ್ಟರೆ ರುಚಿಯೂ ಮರೆಯುತ್ತದೆ, ಔಷಧಕ್ಕೂ ಅನುಕೂಲ.

ಮಾತಿನ ವಿಷಯದಲ್ಲಿ ನನ್ನದು ಒಂದೇ ನಿಯಮ: ಸುಳ್ಳು ಹೇಳಬಾರದು. "ಸಿಹಿ ಐತಿ" ಎಂದು ಹೇಳಿ ಕಹಿ ಕುಡಿಸಿದರೆ ನಾಳೆ ಸಿಹಿ ಔಷಧವನ್ನೂ ಮಗು ನಂಬುವುದಿಲ್ಲ. ಚಾಕೊಲೇಟ್ ಎಂದು ಕರೆದರೆ ನಾವಿಲ್ಲದಾಗ ಬಾಟಲಿಯನ್ನೇ ಎತ್ತಿ ಕುಡಿಯುವ ಭಯವಿದೆ. "ಕಹಿ ಐತಿ, ಮೂರ ಗುಟುಕದಾಗ ಮುಗೀತೈತಿ, ಆಮ್ಯಾಲ ಬೆಲ್ಲ ಕೊಡ್ತೇನಿ" ಎನ್ನಿ, ಮೂರೇ ಗುಟುಕಿನಲ್ಲಿ ಮುಗಿಸಿ. ಕುಡಿಯುತ್ತೀಯಾ ಎಂದು ಕೇಳಿದರೆ ಒಲ್ಲೆ ಎಂಬ ಉತ್ತರಕ್ಕೆ ದಾರಿ ಮಾಡಿಕೊಟ್ಟಂತೆ. ಆಯಿಯ ತೊಡೆಯ ಮೇಲೆ ಕುಡಿಯುತ್ತೀಯೋ ಅಪ್ಪನ ತೊಡೆಯ ಮೇಲೆ ಕುಡಿಯುತ್ತೀಯೋ ಎಂದು ಕೇಳಬೇಕು. ಮನೆಮಂದಿಯೆಲ್ಲ ಒಂದೇ ಮಾತಿನ ಮೇಲೆ ನಿಲ್ಲುವುದು ಇನ್ನೂ ಮುಖ್ಯ. ನಮ್ಮ ಅತ್ತೆಯವರು ಮೊದಲು, "ಸಾಕ ಬಿಡವಾ, ಕೂಸು ಅಳಾಕತ್ತೈತಿ" ಎಂದು ಮೊಮ್ಮಗನನ್ನು ಎತ್ತಿಕೊಂಡು ಹೋಗುತ್ತಿದ್ದರು. ಸಿರಿಂಜನ್ನು ಅವರ ಕೈಗೇ ಕೊಟ್ಟ ದಿನದಿಂದ ಆ ತೊಂದರೆ ನಿಂತಿತು, ಮತ್ತು ಒಪ್ಪಿಕೊಳ್ಳಲೇಬೇಕು, ಅವರ ಕೈ ನನ್ನ ಕೈಗಿಂತ ನಿಧಾನ.

ಬೇಧಿಗೆ ಕೊಡುವ ಜಿಂಕ್ ಗುಳಿಗೆಯನ್ನು, ಬೇಧಿ ಮೂರೇ ದಿನಕ್ಕೆ ನಿಂತರೂ, 14 ದಿನ ಕೊಡಬೇಕಾಗುತ್ತದೆ. ಕ್ಷಯದ ಔಷಧ ತಿಂಗಳುಗಟ್ಟಲೆ ನಡೆಯುತ್ತದೆ. ಮೂರ್ಛೆರೋಗದ ಔಷಧವನ್ನಂತೂ ಒಂದು ದಿನವೂ ನಾವಾಗಿ ನಿಲ್ಲಿಸುವಂತಿಲ್ಲ. ಇಂಥ ದೀರ್ಘ ಚಿಕಿತ್ಸೆಗೆ ಹಲ್ಲುಜ್ಜುವಂಥ, ಉಣ್ಣುವಂಥ ನಿತ್ಯದ ಕೆಲಸಕ್ಕೆ ಔಷಧವನ್ನು ಜೋಡಿಸಬೇಕು. ಪಕ್ಕದ ಮನೆಯ ಐದು ವರ್ಷದ ಹುಡುಗಿ ಪಾಟಿಯ ಮೇಲೆ 14 ಗೆರೆ ಎಳೆಸಿಕೊಂಡು, ಜಿಂಕ್ ಕುಡಿದ ಕೂಡಲೇ ಒಂದೊಂದನ್ನು ಒದ್ದೆ ಬಟ್ಟೆಯಿಂದ ತಾನೇ ಅಳಿಸುತ್ತಿದ್ದಳು; ಕೊನೆಕೊನೆಗೆ ಗೆರೆ ಅಳಿಸುವ ಆಸೆಗೆ ಅವಳೇ ಔಷಧವನ್ನು ನೆನಪಿಸುತ್ತಿದ್ದಳು.

ಕುಡಿದ ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೆ ಕೊಡಬೇಕೇ ಎಂಬುದನ್ನು ಡಾಕ್ಟರಿಗೆ ಫೋನ್ ಮಾಡಿ ಕೇಳಿ. ತಪ್ಪಿದ ಸರದಿಗೆ ಬದಲಾಗಿ ಮುಂದಿನ ಸಲ ಎರಡು ಪಟ್ಟು ಕೊಡಬೇಡಿ. ಕೆಲವು ಮಕ್ಕಳು ಒಲ್ಲೆ ಎನ್ನುವುದು ಗಂಟಲು ನೋವಿನಿಂದ ಅಥವಾ ಬಾಯಿಹುಣ್ಣಿನಿಂದ. ದೀಪದ ಬೆಳಕಿನಲ್ಲಿ ಬಾಯೊಳಗೆ ಒಮ್ಮೆ ನೋಡಿ, ಹಾಗಿದ್ದರೆ ಡಾಕ್ಟರಿಗೆ ತಿಳಿಸಿ. ಮಗು ನೀರನ್ನೂ ನುಂಗದೆ ಜೊಲ್ಲು ಸುರಿಸುತ್ತಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಏಳೆಂಟು ತಾಸು ಮೂತ್ರ ಮಾಡದಿದ್ದರೆ, ಔಷಧದ ನಂತರ ಮೈಮೇಲೆ ಗಂದೆ ಎದ್ದು ಮುಖ ಊದಿದರೆ ಅಥವಾ ಉಸಿರಾಟ ಕಷ್ಟವಾದರೆ, ಕುಡಿಸುವ ಪ್ರಯತ್ನವನ್ನು ಬಿಟ್ಟು ತಕ್ಷಣ ದವಾಖಾನೆಗೆ ಹೊರಡಬೇಕು.

ಪ್ರತಿ ಸರದಿಯ ನಂತರ ಸಿರಿಂಜನ್ನು ಬಿಚ್ಚಿ ಬಿಸಿನೀರಿನಲ್ಲಿ ತೊಳೆದು ಆರಿಸಿ ಇಡಿ. ನಮ್ಮ ಮನೆಯಲ್ಲಿ ಎಂಟನೆಯ ದಿನ ಬಾಟಲಿಯ ತಳದಲ್ಲಿ ಎರಡು ಬೆರಳಿನಷ್ಟು ಸಿರಪ್ ಉಳಿದಿತ್ತು; ಮುಂದಿನ ಜ್ವರಕ್ಕೆ ಬಂದೀತೆಂದು ಅತ್ತೆಯವರು ಅದನ್ನು ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟಿದ್ದರು. ನಾನು ಅದನ್ನು ಹುಡುಕಿ ತೆಗೆದು, ಮಣ್ಣಿನಲ್ಲಿ ಬೆರೆಸಿ ಕಸಕ್ಕೆ ಹಾಕಿದೆ.